ಪಾರ್ಲೆಯಲ್ಲಿ ನಿಲ್ಲದ ಫಾಸ್ಟ್

ವಿಲೆ ಪಾರ್ಲೆ, ಮುಂಬಯಿ
ಭಾನುವಾರ, ೧೨-೧-೧೯೫೮

ಪ್ರಿಯ ಜಯಸಿಂಹ,

ನಿನ್ನ ಮೂರು ಕಾರ್ಡುಗಳೂ ಕೈಸೇರಿವೆ. ದೀಪಾವಳಿಗೆ ಒಂದು, ಕ್ರಿಸ್‌ಮಸ್ ರಜಕ್ಕೆ ಒಂದು, ಮೊನ್ನೆ ಒಂದು. ಮೊನ್ನೆಯದರಲ್ಲಿ "ಬದುಕಿದ್ದೀಯೋ ಹೇಗೆ?" ಎಂದಷ್ಟೇ ಇದೆ. ಬದುಕಿದ್ದೇನೆ. ಉತ್ತರ ಬರೆಯದೆ ಕೂತದ್ದು ತಪ್ಪು, ಹೊಟ್ಟೆಗೆ ಹಾಕಿಕೊ. ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಹಡಗು ಕಂಪನಿಯ ಹೆಡ್ ಗುಮಾಸ್ತನಿಗೆ ಎಷ್ಟು ಕೆಲಸವಿರುತ್ತದೆ ಎಂದು ನಾನೇ ನಿನ್ನೆದುರು ಎಷ್ಟೋ ಸಲ ಹೇಳಿ ನಕ್ಕಿರುವುದರಿಂದ ಆ ಸುಳ್ಳು ನಡೆಯುವುದಿಲ್ಲ. ಅತ್ತಿಗೆಯವರ ಮಂಡಿನೋವು ಹೇಗಿದೆ? ಮೈಸೂರಿನ ಈ ಚಳಿಗೆ ಜಾಸ್ತಿಯಾಗಿರಬೇಕು.

ನಾವು ಇಲ್ಲಿ ಕ್ಷೇಮ ಎಂದು ಬರೆಯಲು ಲೇಖನಿ ಏಳುತ್ತಿಲ್ಲ. ನಮ್ಮ ಸುಮಿತ್ರಾ ಮನೆ ಬಿಟ್ಟು ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ. ಗಾಬರಿಯಾಗಬೇಡ, ಯಾರ ಜೊತೆಯೂ ಓಡಿಹೋಗಿಲ್ಲ. ದಾದರಿನಲ್ಲಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲ್ ಒಂದಿದೆ, ಅಲ್ಲಿ ತನ್ನ ಆಫೀಸಿನ ಸ್ನೇಹಿತೆಯ ಜೊತೆ ಇದ್ದಾಳೆ. ಅವಳಮ್ಮ ರಮಾಮಣಿ ಭಾನುವಾರ ಭಾನುವಾರ ಹೋಗಿ ನೋಡಿಕೊಂಡು ಬರುತ್ತಾಳೆ. ಈಗಲೂ ಅಲ್ಲಿಗೇ ಹೋಗಿದ್ದಾಳೆ. ನಾನು ಹೋಗಿಲ್ಲ. ನನಗೆ ಬೇಕಾದದ್ದು ಒಂದೇ, ಅವಳು ಮನೆಗೆ ಬರಬೇಕು. ಚಿಕ್ಕಂದಿನಿಂದ ಅವಳು ನನಗಿಂತ ನಿನ್ನ ಮಾತನ್ನೇ ಹೆಚ್ಚು ಕೇಳಿದವಳು. ಆದ್ದರಿಂದ ನೀನು ಅವಳಿಗೊಂದು ಕಾಗದ ಬರೆಯಬೇಕು. ಅದಕ್ಕೇ ಇಷ್ಟು ಉದ್ದದ ಪತ್ರ.

ನೀನು ನೋಡಿದರೆ ಮೂರು ಕಾರ್ಡಿನಲ್ಲಿ ಎರಡನ್ನು ಒಂದೇ ಪ್ರಶ್ನೆಗೆ ಖರ್ಚು ಮಾಡಿದ್ದೀಯೆ. ನಿನ್ನ ಹೈಸ್ಕೂಲಿನ ಹುಡುಗರಿಗೆ ಇಂಗ್ಲಿಷ್ ಶಬ್ದಗಳ ಬಳಕೆಯ ಪುಸ್ತಕ ಮಾಡುತ್ತಿದ್ದೀಯಂತೆ, 'ಫಾಸ್ಟ್' ಎಂಬ ಶಬ್ದಕ್ಕೆ ನಿಘಂಟಿನಲ್ಲಿ ಒಂದು ಪುಟ ಅರ್ಥವಿದೆಯಂತೆ, ಓಡುವುದಕ್ಕೂ ಫಾಸ್ಟೇ, ಅಲುಗಾಡದೆ ಅಂಟಿಕೊಂಡಿರುವುದಕ್ಕೂ ಫಾಸ್ಟೇ, ಎಂಥ ಚೋದ್ಯ, ನಿಮ್ಮ ಮುಂಬಯಿಯಲ್ಲಿ ಜನ ಅದನ್ನು ಹೇಗೆಲ್ಲ ಬಳಸುತ್ತಾರೆ ಬರೆದು ಕಳಿಸು ಎಂದು ಕೇಳಿದ್ದೀಯೆ. ಇಡೀ ಇಂಗ್ಲಿಷ್ ಭಾಷೆಯಲ್ಲಿ ನಿನಗೆ ಬೇರೆ ಶಬ್ದ ಸಿಗಲಿಲ್ಲವೇನೋ? ಆ ಶಬ್ದ ಕಿವಿಗೆ ಬಿದ್ದರೆ ಈಗ ನನ್ನ ಮೈಯೆಲ್ಲ ಉರಿಯುತ್ತದೆ. ಆದರೂ ಕೇಳಿದ್ದೀಯೆ, ಬರೆಯುತ್ತೇನೆ.

ದಸರೆಗೆ ರಮಾಮಣಿ ದಾದರಿನಲ್ಲಿ ಒಂದು ಕೆಂಪು ಸೀರೆ ಕೊಂಡಳು. ಅಂಗಡಿಯವನು ಸೆರಗನ್ನು ಎರಡೂ ಕೈಯಲ್ಲಿ ಉಜ್ಜಿ ತೋರಿಸಿ "ಏಕ್‌ದಮ್ ಫಾಸ್ಟ್ ಕಲರ್, ಬಾಯಿ" ಎಂದ, ಎಷ್ಟು ಒಗೆದರೂ ಬಿಡದ ಬಣ್ಣವಂತೆ. ಮೊದಲ ಒಗೆತಕ್ಕೇ ನನ್ನ ಎರಡು ಪಂಚೆ, ಒಂದು ಷರಟು ಗುಲಾಬಿ ಬಣ್ಣಕ್ಕೆ ತಿರುಗಿದವು. ಬೇರೆ ಒಣಗಿದ ಷರಟು ಇಲ್ಲದೆ ಅದನ್ನೇ ಹಾಕಿಕೊಂಡು ಆಫೀಸಿಗೆ ಹೋದೆ. ಸಂಜೆ ಸೀರೆ ಹಿಡಿದುಕೊಂಡು ಜಗಳಕ್ಕೆ ಹೋದರೆ ಆ ಮಹಾನುಭಾವ "ಬಣ್ಣ ಫಾಸ್ಟೇ ಇದೆ, ನಿಮ್ಮ ನಲ್ಲಿಯ ನೀರು ಸರಿಯಿಲ್ಲ" ಎಂದು ಮುನಿಸಿಪಾಲಿಟಿಯ ಮೇಲೆ ಹಾಕಿ ಕಳಿಸಿದ. ನಮ್ಮ ಆಫೀಸಿನ ದೊರೆಯದ್ದು ಇನ್ನೊಂದು. ಅವನ ಬಾಯಲ್ಲಿ ಆ ಶಬ್ದ ಬೆಳಿಗ್ಗೆಯಿಂದ ಸಂಜೆಯವರೆಗೆ ಬೈಗುಳವಾಗಿಯೇ ಇರುತ್ತದೆ. "ಫಾಸ್ಟ್, ತಿರುಮಲೇಶ್, ಫಾಸ್ಟ್!" ಎಂದು ನನ್ನಿಂದ ಫೈಲು ತರಿಸಿಕೊಳ್ಳುತ್ತಾನೆ, ಆ ಫೈಲು ಎಂಟು ದಿನ ಅವನ ಮೇಜಿನ ಮೇಲೆ ಗಾಢ ನಿದ್ರೆಯಲ್ಲಿರುತ್ತದೆ. ಆ ನಿದ್ರೆಗೂ ಇಂಗ್ಲಿಷಿನಲ್ಲಿ ಫಾಸ್ಟ್ ಎನ್ನುತ್ತಾರೆ, ನಿನ್ನ ಪುಸ್ತಕದಲ್ಲಿ ಬರೆದುಕೊ.

ಮನೆಯ ಗೋಡೆ ಗಡಿಯಾರವನ್ನು ನಾನು ಹತ್ತು ನಿಮಿಷ ಫಾಸ್ಟ್ ಇಟ್ಟಿರುವುದು ನಿನಗೆ ಗೊತ್ತು, ಬಂದಾಗಲೆಲ್ಲ ನಗುತ್ತೀಯೆ. ಲೋಕಲ್ ತಪ್ಪಬಾರದೆಂದು ಇಟ್ಟದ್ದು. ನಾನು ಅದನ್ನು ನಂಬಿ ಓಡುತ್ತೇನೆ, ರಮಾಮಣಿ ಹತ್ತು ಕಳೆದು ಲೆಕ್ಕ ಹಾಕುತ್ತಾಳೆ. ಇನ್ನು ಉಪವಾಸಕ್ಕೂ ಅದೇ ಶಬ್ದ. ಪತ್ರಿಕೆ ತೆರೆದರೆ ಯಾವನೋ ಒಬ್ಬ ಎಲ್ಲೋ ಒಂದು ಕಡೆ ಫಾಸ್ಟ್ ಕೂತಿರುತ್ತಾನೆ. ನಮ್ಮ ಮನೆಯಲ್ಲೂ ನಡೆಯುತ್ತಿದೆ. ಸುಮಿತ್ರಾ ಹೋದಾಗಿನಿಂದ ಅವಳಮ್ಮ ಒಪ್ಪತ್ತು ಊಟ ಮಾಡುತ್ತಾಳೆ, ಅದೂ ನಾನು ಆಫೀಸಿಗೆ ಹೋದ ಮೇಲೆ. ಕೇಳಿದರೆ "ಹಸಿವಿಲ್ಲ, ನೀವು ಮಾಡಿ" ಎನ್ನುತ್ತಾಳೆ. ಇಪ್ಪತ್ತೆರಡು ದಿನ ಎದುರಿಗೊಬ್ಬರಿಲ್ಲದೆ ಸಾರನ್ನ ಕಲಸಿಕೊಂಡು ತಿಂದು ನೋಡು, ಆಗ ತಿಳಿಯುತ್ತದೆ.

ಈಗ ಲೋಕಲ್ ಟ್ರೈನಿನ ಮಾತು. ಇದನ್ನು ಗಮನವಿಟ್ಟು ಓದು, ನಮ್ಮ ಅನರ್ಥವೆಲ್ಲ ಇಲ್ಲಿಯೇ ಇದೆ.

ಚರ್ಚ್‌ಗೇಟಿನಿಂದ ಎರಡು ಥರದ ಗಾಡಿ ಬಿಡುತ್ತವೆ. ಸ್ಲೋ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ. ಫಾಸ್ಟ್ ದೊಡ್ಡ ಸ್ಟೇಷನ್ನುಗಳಲ್ಲಿ ಮಾತ್ರ ನಿಲ್ಲುತ್ತದೆ. ನಮ್ಮ ಪಾರ್ಲೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಪ್ಲಾಟ್‌ಫಾರಂ ಮೇಲಿನ ಧೂಳೆಬ್ಬಿಸಿ ನಮ್ಮ ಮುಖಕ್ಕೆ ಹಾಕಿ ಮುಂದಿನ ಅಂಧೇರಿಗೆ ಹೋಗಿ ನಿಲ್ಲುತ್ತದೆ. ಮೂವತ್ತೆಂಟರಲ್ಲಿ, ನಾನು ಈ ಊರಿಗೆ ಬಂದ ಎರಡನೆಯ ವಾರ, ಗೊತ್ತಿಲ್ಲದೆ ಫಾಸ್ಟ್ ಹತ್ತಿ ಬೋರಿವಲಿಗೆ ಹೋಗಿಬಿಟ್ಟಿದ್ದೆ. ಕೋಣೆಯ ಬೀಗದ ಕೈ ನನ್ನ ಜೇಬಿನಲ್ಲಿತ್ತು. ಪೇಟೆಗೆ ಹೋಗಿ ಬಂದ ರಮಾಮಣಿ ಎರಡು ವರ್ಷದ ಸುಮಿತ್ರಾಳನ್ನು ತೊಡೆಯ ಮೇಲೆ ಹಾಕಿಕೊಂಡು ಮೂರು ಗಂಟೆ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದಳು. ಅಂದಿನಿಂದ ಇಂದಿನವರೆಗೆ ನಾನು ಫಾಸ್ಟ್ ಹತ್ತಿಲ್ಲ. ಇಪ್ಪತ್ತು ವರ್ಷ ಸ್ಲೋದಲ್ಲೇ ಹೋಗಿ ಸ್ಲೋದಲ್ಲೇ ಬಂದವನು ನಾನು. ನಮ್ಮ ಮನೆಯಲ್ಲಿ ಫಾಸ್ಟ್ ಹತ್ತಬಾರದು ಎಂಬುದು ಒಂದು ಕಟ್ಟಳೆ.

ಜೂನಿನಲ್ಲಿ ಸುಮಿತ್ರಾಳಿಗೆ ಚರ್ಚ್‌ಗೇಟಿನ ಬಳಿಯ ಕೋಟೆಯ ಕಡೆ ಒಂದು ಔಷಧಿ ಕಂಪನಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿದ್ದನ್ನು ಬರೆದಿದ್ದೆನಲ್ಲ. ನೀನೇ "ಕಳಿಸು, ಕಾಲ ಹಾಗಿದೆ" ಎಂದು ಉತ್ತರ ಬರೆದೆ. ಕಳಿಸಿದೆ. ಡಿಸೆಂಬರಿನಲ್ಲಿ ಒಂದು ದಿನ ನಮ್ಮ ಸ್ಟೇಷನ್ನಿನೆದುರು ಹೋಟೆಲಿಟ್ಟಿರುವ ರಮಾನಾಥ ರಾಯರು, ಉಡುಪಿಯ ಕಡೆಯವರು, ಕಾಫಿ ಕುಡಿಯುತ್ತಿದ್ದ ನನ್ನ ಪಕ್ಕದಲ್ಲಿ ಬಂದು ಕೂತರು. "ನಿಮ್ಮ ಮಗಳಿಗೆ ಕೆಲಸ ಅಂಧೇರಿಯಲ್ಲಿಯಾ ಮಾರಾಯ್ರೆ?" ಎಂದರು. ಅಲ್ಲ, ಕೋಟೆಯಲ್ಲಿ ಎಂದೆ. "ಹೌದಾ? ನಾನು ತರಕಾರಿಗೆಂತ ಅಂಧೇರಿಗೆ ಹೋಗುವುದುಂಟಲ್ಲ, ಮೂರು ಸಲ ಸಂಜೆಗೆ ಕಂಡೆ ಅವಳನ್ನು, ಅಲ್ಲಿ ಪ್ಲಾಟ್‌ಫಾರಮಿನಲ್ಲಿ. ಒಬ್ಬ ಹುಡುಗ ಇದ್ದ ಒಟ್ಟಿಗೆ. ಕಡಲೆ ತಿಂತಾ ನಗಾಡ್ತಾ ಇದ್ರಪ್ಪ. ನನಗೆಂತ, ಕಂಡದ್ದು ಹೇಳಿದೆ" ಎಂದು ಹೇಳಿ ಎದ್ದು ಹೋದರು. ಲೋಟದಲ್ಲಿದ್ದ ಕಾಫಿಯನ್ನು ಹಾಗೆಯೇ ಬಿಟ್ಟು ಎದ್ದೆ. ಚರ್ಚ್‌ಗೇಟಿನಿಂದ ಪಾರ್ಲೆಗೆ ಬರಬೇಕಾದ ಹುಡುಗಿಗೆ ಅಂಧೇರಿಯಲ್ಲಿ ಏನು ಕೆಲಸ, ನೀನೇ ಹೇಳು.

ಮನೆಯಲ್ಲಿ ಬಾಯಿ ಬಿಡಲಿಲ್ಲ. ಶುಕ್ರವಾರ, ಡಿಸೆಂಬರ್ ಇಪ್ಪತ್ತನೆಯ ತಾರೀಖು, ಅರ್ಧ ದಿನ ರಜ ಹಾಕಿ ಸ್ಲೋ ಹಿಡಿದು ಅಂಧೇರಿಗೆ ಹೋಗಿ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತೆ. ಐವತ್ತು ವರ್ಷದ ಮನುಷ್ಯ ಕಳ್ಳನ ಹಾಗೆ ಕಂಬದ ಮರೆಯಲ್ಲಿ! ಆರು ಗಂಟೆ ದಾಟಿದ ಮೇಲೆ ಫಾಸ್ಟ್ ಬಂತು. ಹೆಂಗಸರ ಡಬ್ಬಿಯಿಂದ ಸುಮಿತ್ರಾ ಇಳಿದಳು. ಹೊರಗೆ ಹೋಗುವ ದಾರಿ ಹಿಡಿಯದೆ ಇನ್ನೊಂದು ಮೆಟ್ಟಿಲು ಹತ್ತಿ ಇಳಿದು ಎದುರಿನ ಪ್ಲಾಟ್‌ಫಾರಮಿಗೆ ಬಂದು ನಿಂತಳು. ಒಬ್ಬ ಯುವಕ ಕಡಲೆಯ ಪೊಟ್ಟಣ ಮುಂದೆ ಹಿಡಿದ. ಇವಳು ನಾಲ್ಕು ಕಾಳು ತೆಗೆದುಕೊಂಡು ಏನೋ ಹೇಳಿದಳು, ಇಬ್ಬರೂ ನಕ್ಕರು. ಸೇತುವೆ ಇಳಿದು ಹೋಗಿ ಎದುರಿಗೆ ನಿಂತೆ.

"ಇಲ್ಲೇನು ಮಾಡ್ತಿದ್ದೀಯೆ?" ಎಂದೆ.

"ಮನೆಗೆ ಹೋಗ್ತಿದ್ದೀನಿ ಅಪ್ಪ. ನೀನೇನು ಇಲ್ಲಿ?" ಎಂದಳು. ಅವಳ ಮುಖದಲ್ಲಿ ಆಶ್ಚರ್ಯವಿತ್ತು, ಭಯವಿರಲಿಲ್ಲ. ಅದು ನನ್ನನ್ನು ಇನ್ನಷ್ಟು ಕೆರಳಿಸಿತು.

"ಮನೆ ಇರೋದು ಪಾರ್ಲೇಲಿ" ಎಂದು ಗದರಿದೆ. ಮಾತಿಗೆ ಮಾತು ಬೆಳೆಯಿತು, ಜನ ಸೇರಿದರು. ಆ ಗುಂಪಿನಲ್ಲಿ ಯಾರೋ ಒಬ್ಬರು ಅವಳನ್ನು ತೋರಿಸಿ ಫಾಸ್ಟ್ ಎಂದರು. ಈ ಊರಿನಲ್ಲಿ ಹುಡುಗಿಗೆ ಆ ಶಬ್ದ ಹಚ್ಚಿದರೆ ಏನರ್ಥ ಎಂದು ನಿನಗೆ ನಿಘಂಟು ನೋಡದೆಯೂ ತಿಳಿಯುತ್ತದೆ. ನಡತೆಗೆಟ್ಟವಳು ಎಂದು. ನಾನು ತುಟಿ ಬಿಚ್ಚಲಿಲ್ಲ. ಅವಳಿಗೆ ಕೋಪ ಬಂದದ್ದು ಅದಕ್ಕೇ ಇರಬೇಕು.

ಆಗ ಕನ್ನಡಕ ಹಾಕಿದ ಒಬ್ಬ ಮರಾಠಿ ಮುದುಕಿ, ಶಾಲೆಯ ಟೀಚರಂತೆ, ಗುಂಪನ್ನು ಸರಿಸಿಕೊಂಡು ಮುಂದೆ ಬಂದು "ಅಹೋ ಕಾಕಾ, ಆಮ್ಹೀ ಸಗಳೇ ಪಾರ್ಲ್ಯಾಚೇ!" ಎಂದಳು. ನಾವೆಲ್ಲ ಪಾರ್ಲೆಯವರೇ ಎಂದು. ಕಡಲೆಯ ಹುಡುಗ ಪಾರ್ಲೆಯ ಬ್ಯಾಂಕಿನವನು. ಪಕ್ಕದಲ್ಲಿದ್ದವರು ನಮ್ಮ ಹಿಂದಿನ ಬೀದಿಯ ಗುಜರಾತಿ ದಂಪತಿ. ಹೀಗೆ ಹತ್ತು ಹನ್ನೆರಡು ಜನ. ಸಂಜೆಯ ಸ್ಲೋದಲ್ಲಿ ಹೆಂಗಸರಿಗೆ ಕಾಲಿಡಲು ಜಾಗವಿರುವುದಿಲ್ಲವಂತೆ, ಎರಡು ಗಾಡಿ ಬಿಟ್ಟು ಮೂರನೆಯದಕ್ಕೆ ನುಗ್ಗಬೇಕಂತೆ. ಅದರ ಬದಲು ಫಾಸ್ಟ್ ಹಿಡಿದು ಪಾರ್ಲೆಯನ್ನು ದಾಟಿ ಅಂಧೇರಿಯಲ್ಲಿ ಇಳಿದು, ಅಲ್ಲಿಂದ ಚರ್ಚ್‌ಗೇಟಿಗೆ ಮರಳುವ ಖಾಲಿ ಸ್ಲೋ ಹಿಡಿದು ಒಂದು ಸ್ಟೇಷನ್ ಹಿಂದಕ್ಕೆ ಬಂದರೆ ಕಾಲು ಗಂಟೆ ಮುಂಚೆ ಮನೆ ಸೇರುತ್ತದಂತೆ. ಮನೆಗೆ ಬೇಗ ಹೋಗಲು ಮನೆಯನ್ನೇ ದಾಟಿ ಮುಂದೆ ಹೋಗುವುದು! ಇಂಥ ಉಪಾಯ ಈ ಊರಿನವರಿಗಲ್ಲದೆ ಇನ್ನಾರಿಗೂ ಹೊಳೆಯದು. ಇಪ್ಪತ್ತು ವರ್ಷ ಇಲ್ಲೇ ಇದ್ದು ನನಗೆ ಇದು ಗೊತ್ತಿರಲಿಲ್ಲ, ಫಾಸ್ಟ್ ಹತ್ತಿದ್ದರೆ ತಾನೆ ಗೊತ್ತಾಗುವುದು?

ಎಲ್ಲರೂ ಒಂದೇ ಗಾಡಿಯಲ್ಲಿ ಪಾರ್ಲೆಗೆ ಬಂದೆವು. ಅವಳು ಹೆಂಗಸರ ಡಬ್ಬಿಯಲ್ಲಿ, ನಾನು ಗಂಡಸರದ್ದರಲ್ಲಿ. ಸ್ಟೇಷನ್ನಿನಿಂದ ಮನೆಯವರೆಗೆ ಹತ್ತು ಹೆಜ್ಜೆ ಮುಂದೆ ನಡೆದಳು, ತಿರುಗಿ ನೋಡಲಿಲ್ಲ. ನಾನು ಒಳಗೆ ಹೋಗಿ ರಮಾಮಣಿಗೆ "ನಿನ್ನ ಮಗಳು ಫಾಸ್ಟ್ ಹತ್ತಿ ಅಂಧೇರಿ ಸುತ್ತಿ ಬರ್ತಾಳೆ, ಗೊತ್ತಾ?" ಎಂದೆ.

"ಗೊತ್ತು" ಎಂದಳು. "ನಿಮಗೆ ಹೇಳಿದ್ರೆ ಫಾಸ್ಟ್ ಹತ್ತಬೇಡ ಅಂತ ಕೂಗಾಡ್ತೀರಿ ಅಂತ ನಾನೇ ಹೇಳ್ಬೇಡ ಅಂದೆ. ದೀಪ ಹಚ್ಚೋ ಹೊತ್ತಿಗೆ ಮನೇಲಿರಬೇಕು, ಹಾಗಾದ್ರೆ ಕೆಲಸಕ್ಕೆ ಹೋಗು ಅಂದೋರು ಯಾರು? ಮಳೆಗಾಲದಲ್ಲಿ ಹೊತ್ತಾಗಿ ಕತ್ತಲಾಗ್ತಿತ್ತು, ಸ್ಲೋದಲ್ಲಿ ಬಂದ್ರೂ ಆಗ್ತಿತ್ತು. ಈಗ ಆರೂವರೆಗೆಲ್ಲ ಕತ್ತಲು. ಅದರ ಮೇಲೆ ನಿಮ್ಮ ಗಡಿಯಾರ ಬೇರೆ ಹತ್ತು ನಿಮಿಷ ಮುಂದೆ. ಎಲ್ಲಿಂದ ತರ್ತಾಳೆ ರೀ ಅವಳು ಹೊತ್ತನ್ನ?"

ಹೌದು, ಜೂನಿನಲ್ಲಿ ನಾನೇ ಹಾಕಿದ ಷರತ್ತು. ನಾನು ಬರುವುದು ಏಳೂಕಾಲಿಗೆ, ಬಂದವನೇ "ದೀಪ ಹಚ್ಚುವಾಗ ಇದ್ದಳೇ?" ಎಂದು ಕೇಳುವುದು ದಿನದ ಪದ್ಧತಿ. "ಇದ್ದಳು" ಎಂಬ ಉತ್ತರ ಬಂದರೆ ಕಾಫಿ ಕುಡಿಯುತ್ತಿದ್ದೆ. ಅದು ಹೇಗೆ ಇದ್ದಳು ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳು ಚೀಲ ಹಿಡಿದು ಹೊರಟುಹೋಗಿದ್ದಳು.

ಇಷ್ಟೇ ನಡೆದದ್ದು. ತಪ್ಪೇನು ಅವಳದ್ದು? ಏನೂ ಇಲ್ಲ. ಹಾಗಂತ ಪ್ಲಾಟ್‌ಫಾರಮಿನಲ್ಲಿ ಯಾರೋ ಅಂದ ಒಂದು ಮಾತಿಗೆ ಮನೆ ಬಿಟ್ಟು ಹೋಗುವುದೇ? ಆ ರಮಾನಾಥ ರಾಯರ ಹೋಟೆಲಿಗೆ ಕಾಲಿಡುವುದನ್ನು ನಿಲ್ಲಿಸಿದ್ದೇನೆ. ಕಾಫಿ ಕುಡಿಯಲು ಈಗ ರೈಲ್ವೆ ಹಳಿ ದಾಟಿ ಆಚೆ ಬದಿಗೆ ಹೋಗಬೇಕು, ಅಲ್ಲಿನ ಕಾಫಿ ಬಾಯಿಗಿಡುವಂತಿಲ್ಲ. ನೀನು ಸುಮಿತ್ರಾಳಿಗೆ ಬರೆ. ಜನ ಸಾವಿರ ಮಾತಾಡುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡ, ನಿನ್ನ ಅಪ್ಪನಿಗೆ ವಯಸ್ಸಾಯಿತು, ಸಂಕ್ರಾಂತಿ ಕಳೆದ ಮೇಲಾದರೂ ಮನೆಗೆ ಹೋಗು ಎಂದು ಬರೆ. ಹಾಸ್ಟೆಲಿನ ವಿಳಾಸ ಕಾಗದದ ಹಿಂಬದಿಯಲ್ಲಿದೆ. ಪ್ರತಿ ವರ್ಷ ಎಳ್ಳಿಗೆ ಬೆಲ್ಲ, ಕೊಬ್ಬರಿ ಹೆಚ್ಚುವುದು ಅವಳ ಕೆಲಸ. ಈ ಸಲ ರಮಾಮಣಿ ಹೆಚ್ಚುವ ಲಕ್ಷಣವೇ ಇಲ್ಲ, ಬೆಲ್ಲದ ಅಚ್ಚು ತಂದ ಹಾಗೆಯೇ ಡಬ್ಬಿಯಲ್ಲಿದೆ.

ನಿನ್ನ ಪುಸ್ತಕ ಬೇಗ ಮುಗಿಯಲಿ, ಹುಡುಗರು ಅದನ್ನು ಓದಿ ಉದ್ಧಾರವಾಗಲಿ. ಅತ್ತಿಗೆಯವರ ಮಂಡಿಗೆ ಆ ಭಗವಂತ ಸ್ವಲ್ಪ ಬಿಸಿಲು ಕೊಡಲಿ. ನಿಮ್ಮ ಮಕ್ಕಳೆಲ್ಲ ನೂರು ಕಾಲ ಸುಖವಾಗಿರಲಿ, ಯಾವ ಕಾಲಕ್ಕೂ ನಿಮ್ಮ ಕಣ್ಣಳತೆಯಲ್ಲೇ ಇರಲಿ ಎಂದು ಹಾರೈಸುವ,

ನಿನ್ನ
ತಿರುಮಲೇಶ

ಮತ್ತೆ ಬರೆದದ್ದು:

ಕಾಗದವನ್ನು ಅಂಟಿಸದೆ ಮೇಜಿನ ಮೇಲೆ ಬಿಟ್ಟು ಸ್ಟಾಂಪು ಹುಡುಕಲು ಹೋಗಿದ್ದೆ. ಅಷ್ಟರಲ್ಲಿ ರಮಾಮಣಿ ದಾದರಿನಿಂದ ಬಂದಳು. ಬಂದು ನೋಡುತ್ತೇನೆ, ಚಪ್ಪಲಿಯನ್ನೂ ಬಿಡದೆ ನಿಂತು ಓದುತ್ತಿದ್ದಾಳೆ. ಓದಿ ಮುಗಿಸಿ ಕಾಗದವನ್ನು ಇದ್ದಲ್ಲೇ ಇಟ್ಟು, ಅದರ ಮೇಲೆ ನನ್ನ ಲೇಖನಿಯನ್ನು ಇಟ್ಟು ಒಳಗೆ ಹೋದಳು.

ಜಯಸಿಂಹ, ಯಾರೋ ಅಂದರು ಎಂದು ಮೇಲೆ ಎರಡು ಕಡೆ ಬರೆದಿದ್ದೇನೆ. ಯಾರೋ ಅಲ್ಲ. ಅಂದವನು ನಾನು. ಆ ಮುದುಕಿ ಬಾಯಿ ತೆರೆಯುವುದಕ್ಕೂ ಮುಂಚೆ ಅಂದೆ. ಕನ್ನಡದಲ್ಲಿ ಬೈದಿದ್ದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ, ಅಪ್ಪ ಮಗಳ ನಡುವೆ ಉಳಿಯುತ್ತಿತ್ತು. ಎಲ್ಲರಿಗೂ ತಿಳಿಯಲಿ ಎಂದೇ ಆ ಬ್ಯಾಂಕಿನ ಹುಡುಗನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಗಟ್ಟಿಯಾಗಿ, ನನ್ನ ಮಗಳು ಫಾಸ್ಟ್ ಆಗಿದ್ದಾಳೆ ಎಂದೆ. ಅವಳು ಅಳಲಿಲ್ಲ. ಅವಳ ಕೈಯಲ್ಲಿ ಇನ್ನೂ ಎರಡು ಕಡಲೆ ಇದ್ದವು. ಅವನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಮುಷ್ಟಿ ಮುಚ್ಚಿಕೊಂಡಳು. ಮನೆಗೆ ಬಂದು ಕೈ ತೊಳೆದು ದೀಪ ಹಚ್ಚಿದವಳೂ ಅವಳೇ.

ಮೊನ್ನೆ ಮಂಗಳವಾರ ಅವಳ ಆಫೀಸಿನ ಬಾಗಿಲಲ್ಲಿ ಕಾದಿದ್ದೆ. ಹೊರಗೆ ಬಂದು ನನ್ನನ್ನು ನೋಡಿ "ನಿಮ್ಮ ಗಾಡಿ ತಪ್ಪುತ್ತೆ, ಹೊರಡಿ" ಎಂದಳು. ಮಾತು ಬಂದಾಗಿನಿಂದ ನನಗೆ 'ನೀನು' ಎಂದೇ ಅಂದವಳು.

ನೀನು ಅವಳಿಗೆ ಬರೆಯಬೇಡ. ಬರೆಯಬೇಕಾದವನು ನಾನು. ನಿನಗೆ ಇಷ್ಟು ಪುಟ ತುಂಬಿಸಿದೆನಲ್ಲ, ಅವಳಿಗೆಂದು ತೆಗೆದಿಟ್ಟ ಹಾಳೆ ನಾಲ್ಕು ದಿನದಿಂದ ಮೇಜಿನ ಮೇಲಿದೆ. ತಾರೀಖು ಹಾಕಿದ್ದೇನೆ. 'ಚಿರಂಜೀವಿ ಸುಮಿತ್ರಾಳಿಗೆ' ಎಂದು ಬರೆದಿದ್ದೇನೆ. ಅದರ ಮುಂದೆ ಒಂದಕ್ಷರ ಹೋಗಿಲ್ಲ.